ಕುದುರೆಯ ಲೆಕ್ಕ, ಯಂತ್ರದ ಸಮಜಾಯಿಷಿ

1904ರ ಸೆಪ್ಟೆಂಬರಿನಲ್ಲಿ ಬರ್ಲಿನ್ ನಗರದ ಒಂದು ಅಂಗಳದಲ್ಲಿ ಕುದುರೆಯೊಂದರ ಬುದ್ಧಿವಂತಿಕೆ ಪರೀಕ್ಷಿಸಲು ಸಮಿತಿಯೊಂದು ಸೇರಿತ್ತು. ಕುದುರೆಯ ಹೆಸರು ಹಾನ್ಸ್. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು. ಎರಡಕ್ಕೆ ಮೂರು ಕೂಡಿದರೆ ಎಷ್ಟು ಎಂದರೆ ಹಾನ್ಸ್ ಮುಂಗಾಲಿನಿಂದ ಐದು ಸಲ ನೆಲ ಕುಟ್ಟಿ ನಿಲ್ಲಿಸುತ್ತಿತ್ತು. ಭಿನ್ನರಾಶಿ ಗೊತ್ತಿತ್ತು, ಗಡಿಯಾರ ನೋಡಲು ಬರುತ್ತಿತ್ತು, ಇವತ್ತು ಯಾವ ತಾರೀಕು ಎಂದು ಹೇಳುತ್ತಿತ್ತು. ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಮುಂದಾಳತ್ವದ ಆ ಸಮಿತಿಯಲ್ಲಿ ಸರ್ಕಸ್ಸಿನವರೂ ಇದ್ದರು, ಮೃಗಾಲಯದವರೂ ಇದ್ದರು. ಎಲ್ಲರೂ ಹುಡುಕಿದ್ದು ಮೋಸವನ್ನು. ಮೋಸ ಸಿಗಲಿಲ್ಲ, ಯಾಕೆಂದರೆ ಮೋಸ ಇರಲೇ ಇಲ್ಲ. ಮೇಷ್ಟ್ರು ಪ್ರದರ್ಶನಕ್ಕೆ ಕಾಸನ್ನೂ ಕೇಳುತ್ತಿರಲಿಲ್ಲ.

ಗುಟ್ಟು ಬಿಡಿಸಿದ್ದು ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್. ಆತ ಮೇಷ್ಟ್ರನ್ನು 'ಇದಕ್ಕೆ ಲೆಕ್ಕ ಹೇಗೆ ಬರುತ್ತದೆ' ಎಂದು ಕೇಳುತ್ತ ಕೂರಲಿಲ್ಲ. ಕೇಳಿದ್ದರೆ ಒಳ್ಳೆಯ, ಪ್ರಾಮಾಣಿಕವಾದ, ಪೂರ್ತಿ ತಪ್ಪಾದ ಉತ್ತರ ಸಿಗುತ್ತಿತ್ತು. ಅದರ ಬದಲು ಒಂದೊಂದೇ ಸಂಗತಿಯನ್ನು ಬದಲಿಸಿ ನೋಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿದ, ಹಾನ್ಸ್ ತಪ್ಪಿತು. ಕಣ್ಣಿಗೆ ಪಟ್ಟಿ ಕಟ್ಟಿ, ಕೇಳುವವನು ಕಾಣದಂತೆ ಮಾಡಿದ, ಮತ್ತೆ ತಪ್ಪಿತು. ಗೊರಸಿನ ಎಣಿಕೆ ಸರಿಯುತ್ತರ ಮುಟ್ಟಿದಾಗ ಎದುರಿಗಿದ್ದವನ ತಲೆ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಗಮನಿಸುತ್ತಿದ್ದದ್ದು ಅದನ್ನು. ಕುದುರೆಗೆ ಬರುತ್ತಿದ್ದದ್ದು ಲೆಕ್ಕವಲ್ಲ, ಮನುಷ್ಯರನ್ನು ಓದುವ ಕಲೆ. ಫುಂಗ್ಸ್ಟ್ ಬರೆದ ಪುಸ್ತಕ 1907ರಲ್ಲಿ ಹೊರಬಂತು.

ನೂರಕ್ಕೂ ಹೆಚ್ಚು ವರ್ಷದ ನಂತರ ಅದೇ ಬರ್ಲಿನ್ನಿನಲ್ಲಿ ಮತ್ತೊಂದು ಕುದುರೆಯ ಪ್ರಕರಣ ನಡೆಯಿತು. ಈ ಸಲ ಪರೀಕ್ಷೆಗೆ ನಿಂತದ್ದು ಫೋಟೋ ನೋಡಿ 'ಇದರಲ್ಲಿ ಕುದುರೆ ಇದೆ' ಎಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಂ. ಪಾಸ್ಕಲ್ ವಿಓಸಿ ಎಂಬ ಪ್ರಸಿದ್ಧ ಚಿತ್ರಸಂಗ್ರಹದ ಮೇಲೆ ಅದಕ್ಕೆ ಒಳ್ಳೆಯ ಅಂಕಗಳೇ ಬಂದಿದ್ದವು. ಸೆಬಾಸ್ಟಿಯನ್ ಲಾಪುಷ್ಕಿನ್ ಮತ್ತು ಸಂಗಡಿಗರು, ಚಿತ್ರದ ಯಾವ ಭಾಗ ಈ ತೀರ್ಮಾನಕ್ಕೆ ಎಷ್ಟು ಕೊಡುಗೆ ಕೊಟ್ಟಿತು ಎಂದು ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸುವ ವಿಧಾನವನ್ನು ಅದರ ಮೇಲೆ ಪ್ರಯೋಗಿಸಿದರು. ಕೆಂಪು ಹತ್ತಿದ್ದು ಕುದುರೆಯ ಮೈಮೇಲಲ್ಲ, ಕೆಳಗಿನ ಮೂಲೆಯಲ್ಲಿ. ಅಲ್ಲಿ ಒಂದು ಜರ್ಮನ್ ಕುದುರೆ-ಫೋಟೋ ಸಂಗ್ರಹದ ಹೆಸರು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಸಂಗ್ರಹದ ಕುದುರೆ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಆ ಮುದ್ರೆ ಇತ್ತು. ಅದನ್ನು ಅಳಿಸಿದರೆ ಕುದುರೆ ಮಾಯ. ಅದನ್ನೇ ಕತ್ತರಿಸಿ ಕಾರಿನ ಫೋಟೋದ ಮೇಲೆ ಅಂಟಿಸಿದರೆ ಕಾರೂ ಕುದುರೆ. 2019ರಲ್ಲಿ ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲೇ ಅವರು ಹಾನ್ಸ್‌ನ ಹೆಸರು ಸೇರಿಸಿದರು.

ಇಂಥ ತನಿಖೆಗಳು ಯಾಕೆ ಬೇಕಾದವು ಎಂದರೆ 2012ಕ್ಕೆ ಹೋಗಬೇಕು. ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಸಾವಿರ ಹೆಸರುಗಳಡಿ ವಿಂಗಡಿಸುವ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಆ ವರ್ಷ ಟೊರಾಂಟೊದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ಗೆದ್ದರು. ಐದು ಊಹೆಗಳಿಗೆ ಅವಕಾಶ ಕೊಟ್ಟರೆ ಅವರ ನ್ಯೂರಲ್ ನೆಟ್‌ವರ್ಕ್ ತಪ್ಪುತ್ತಿದ್ದದ್ದು ಶೇಕಡಾ 15.3ರಷ್ಟು; ಎರಡನೆಯ ಸ್ಥಾನದವರು ಶೇಕಡಾ 26.2. ಅದಕ್ಕೆ ಹಿಂದಿನ ವಿಧಾನಗಳಲ್ಲಿ ಅಂಚು, ಮೂಲೆ, ಬಣ್ಣ ಎಂದು ಏನನ್ನು ನೋಡಬೇಕೆಂಬುದನ್ನು ಬಹುಮಟ್ಟಿಗೆ ಮನುಷ್ಯರೇ ಬರೆದುಕೊಡುತ್ತಿದ್ದರು. ಇಲ್ಲಿ ಹಾಗಲ್ಲ. ಸುಮಾರು ಆರು ಕೋಟಿ ಸಂಖ್ಯೆಗಳು ಉದಾಹರಣೆಗಳನ್ನು ನೋಡುತ್ತ ತಾವೇ ಹೊಂದಿಕೊಂಡವು. ನಾಯಿಯನ್ನು ನಾಯಿ ಎಂದು ಯಾಕೆ ಅಂದೆ ಎಂದು ಕೇಳಿದರೆ ಆ ಆರು ಕೋಟಿ ಸಂಖ್ಯೆಗಳನ್ನು ಪ್ರಿಂಟ್ ಮಾಡಿ ಕೈಗಿಡಬಹುದು. ಅದು ಉತ್ತರ ಹೌದು, ವಿವರಣೆ ಅಲ್ಲ.

ಮೊದಲ ವಿವರಣೆಗಳು ಮೂಕವಾಗಿದ್ದವು. 2013ರಲ್ಲಿ ನ್ಯೂಯಾರ್ಕಿನ ಮ್ಯಾಥ್ಯೂ ಝೈಲರ್ ಮತ್ತು ರಾಬ್ ಫರ್ಗಸ್ ಚಿತ್ರದ ಮೇಲೆ ಬೂದು ಬಣ್ಣದ ಚೌಕವನ್ನು ಸರಿಸುತ್ತ ಹೋದರು. ಯಾವ ಜಾಗ ಮುಚ್ಚಿದಾಗ ಉತ್ತರ ಬದಲಾಗುತ್ತದೋ ಅದೇ ಮುಖ್ಯ ಜಾಗ. 2016ರಲ್ಲಿ ಲೈಮ್ ಎಂಬ ವಿಧಾನ ಬಂತು. ಅದನ್ನು ರೂಪಿಸಿದ ಮಾರ್ಕೊ ರಿಬೈರೊ, ಸಮೀರ್ ಸಿಂಗ್ ಮತ್ತು ಕಾರ್ಲೋಸ್ ಗೆಸ್ಟ್ರಿನ್ ಬೇಕೆಂದೇ ಒಂದು ಕೆಟ್ಟ ವಿಂಗಡಕವನ್ನು ತಯಾರಿಸಿದರು. ತರಬೇತಿಗೆ ಕೊಟ್ಟ ತೋಳದ ಚಿತ್ರಗಳಲ್ಲೆಲ್ಲ ಹಿಂದೆ ಹಿಮ, ಹಸ್ಕಿ ನಾಯಿಯ ಚಿತ್ರಗಳಲ್ಲಿ ಹಿಮವಿಲ್ಲ. ಯಂತ್ರ ಕಲಿತದ್ದು ಹಿಮವನ್ನು. ವಿವರಣೆ ತೋರಿಸುವ ಮೊದಲು 27 ವಿದ್ಯಾರ್ಥಿಗಳಲ್ಲಿ 10 ಮಂದಿ ಈ ಯಂತ್ರವನ್ನು ನಂಬಿದ್ದರು. ತೋರಿಸಿದ ಮೇಲೆ ನಂಬಿದವರು ಮೂವರು. ಅದೇ ಕಾಲದಲ್ಲಿ ರಾಮಪ್ರಸಾದ್ ಸೆಲ್ವರಾಜು, ದೇವಿ ಪಾರಿಖ್, ಧ್ರುವ್ ಬಾತ್ರಾ ಮೊದಲಾದವರು ಅಮೆರಿಕದಲ್ಲಿ ಗ್ರ್ಯಾಡ್-ಕ್ಯಾಮ್ ಎಂಬ ವಿಧಾನ ಕಟ್ಟಿದರು. ವೈದ್ಯರನ್ನೂ ನರ್ಸ್‌ಗಳನ್ನೂ ಬೇರ್ಪಡಿಸುವ ಅವರ ವಿಂಗಡಕ ನೋಡುತ್ತಿದ್ದದ್ದು ಮುಖ ಮತ್ತು ತಲೆಗೂದಲನ್ನು ಎಂದು ಬಣ್ಣದ ನಕ್ಷೆ ಹೇಳಿತು. ಇಂಟರ್ನೆಟ್ಟಿನಿಂದ ಬಂದ ತರಬೇತಿ ಚಿತ್ರಗಳಲ್ಲಿ ವೈದ್ಯರು ಶೇಕಡಾ 78 ಗಂಡಸರು, ನರ್ಸ್‌ಗಳು ಶೇಕಡಾ 93 ಹೆಂಗಸರು. ಸ್ಟೆತಾಸ್ಕೋಪಿನ ಗೊಡವೆ ಯಂತ್ರಕ್ಕೆ ಬೇಕಿರಲಿಲ್ಲ.

ಹಸ್ಕಿ ನಾಯಿ ತೋಳವಾದರೆ ಯಾರಿಗೂ ನಷ್ಟವಿಲ್ಲ. ಎದೆಯ ಎಕ್ಸ್-ರೇ ಹಾಗಲ್ಲ. 2018ರಲ್ಲಿ ಅಮೆರಿಕದ ಮೂರು ಸಂಸ್ಥೆಗಳ ಎಕ್ಸ್-ರೇಗಳ ಮೇಲೆ ನಡೆದ ಅಧ್ಯಯನದಲ್ಲಿ, ನ್ಯುಮೋನಿಯಾ ಹುಡುಕಲು ಕಲಿತ ಯಂತ್ರಗಳು ಬೇರೆ ಆಸ್ಪತ್ರೆಯ ಚಿತ್ರಗಳೆದುರು ಮುಗ್ಗರಿಸುವುದು ಕಂಡುಬಂತು. ಚಿತ್ರ ಯಾವ ಆಸ್ಪತ್ರೆಯದೆಂದು ಹೇಳುವುದು ಮಾತ್ರ ಅವುಗಳಿಗೆ ಲೀಲಾಜಾಲ. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ತುಂಬ ಹೆಚ್ಚು, ಇನ್ನೊಂದರಲ್ಲಿ ತುಂಬ ಕಡಿಮೆ ಇದ್ದಾಗ ಶ್ವಾಸಕೋಶ ನೋಡುವ ಕಷ್ಟ ಯಾಕೆ? ಎಡ-ಬಲ ಗುರುತಿಸಲು ತಂತ್ರಜ್ಞರು ಮೂಲೆಯಲ್ಲಿ ಇಡುವ ಲೋಹದ ಬಿಲ್ಲೆಯೇ ಸಾಕು. ಕೋವಿಡ್ ಕಾಲದ ಎಕ್ಸ್-ರೇ ಯಂತ್ರಗಳಲ್ಲೂ ಇಂಥದೇ ಅಡ್ಡದಾರಿಗಳಿದ್ದವೆಂದು 2021ರಲ್ಲಿ ಇನ್ನೊಂದು ತಂಡ ತೋರಿಸಿತು.

ಬಣ್ಣದ ನಕ್ಷೆಗಳು ಉಪಕಾರ ಮಾಡಿದವು, ಆದರೆ ಅವುಗಳ ಮಿತಿ ಬೇಗ ಗೊತ್ತಾಯಿತು. ಕಣ್ಣಿನ ಉದಾಹರಣೆ ನೋಡಿ. ಸಕ್ಕರೆ ಕಾಯಿಲೆಯಿಂದ ಹಾಳಾಗುವ ಅಕ್ಷಿಪಟವನ್ನು ಗುರುತಿಸುವ ಗೂಗಲ್‌ನ ಹೆಸರಾಂತ ಯಂತ್ರ 2016ರಲ್ಲಿ ಪ್ರಕಟವಾಯಿತು; ಅಮೆರಿಕದ ಚಿತ್ರಗಳ ಜೊತೆಗೆ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಅದಕ್ಕೆ ಬಳಕೆಯಾಗಿದ್ದವು. ಅದೇ ಕಂಪನಿಯ ಸಂಶೋಧಕರು 2018ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಅಕ್ಷಿಪಟದ ಚಿತ್ರಗಳಿಂದ ವಿಚಿತ್ರವಾದದ್ದೊಂದನ್ನು ಕಂಡರು. ಆ ಕಣ್ಣು ಗಂಡಸಿನದೋ ಹೆಂಗಸಿನದೋ ಎಂದು ಯಂತ್ರ ಬಹುತೇಕ ತಪ್ಪದೆ ಹೇಳುತ್ತಿತ್ತು. ಅಕ್ಷಿಪಟ ನೋಡಿ ಹೀಗೆ ಹೇಳಬಹುದೆಂದು ಕಣ್ಣಿನ ವೈದ್ಯರು ಅಂದುಕೊಂಡೇ ಇರಲಿಲ್ಲ. ಎಲ್ಲಿ ನೋಡಿ ಹೇಳಿದೆ ಎಂದರೆ ನಕ್ಷೆ ನರದ ಬಿಲ್ಲೆ, ರಕ್ತನಾಳ, ಮ್ಯಾಕ್ಯುಲಾಗಳತ್ತ ಬೆರಳು ತೋರಿಸಿತು. ಸರಿ, ಅಲ್ಲಿ ಏನನ್ನು? ಬಣ್ಣವನ್ನೋ, ಅಗಲವನ್ನೋ, ತಿರುವನ್ನೋ? ನಕ್ಷೆಗೆ ಬಾಯಿಲ್ಲ.

'ಎಲ್ಲಿ' ಮತ್ತು 'ಏನು' ಬೇರೆ ಬೇರೆ ಎಂಬುದಕ್ಕೆ ಜರ್ಮನಿಯ ಟ್ಯೂಬಿಂಗನ್ನಿನ ಪ್ರಯೋಗಕ್ಕಿಂತ ಮಜವಾದ ಸಾಕ್ಷಿ ಸಿಗುವುದು ಕಷ್ಟ. ಅಲ್ಲಿನವರು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿದ ಚಿತ್ರ ಮಾಡಿದರು. ಮಗುವಿಗೂ ಅದು ಬೆಕ್ಕು. ಯಂತ್ರ ಮಾತ್ರ 'ಭಾರತೀಯ ಆನೆ' ಎಂದಿತು. ನಕ್ಷೆ ಬಿಡಿಸಿದ್ದರೆ ಪ್ರಾಣಿಯ ಮೈಮೇಲೇ ಬಣ್ಣ ಬರುತ್ತಿತ್ತು, ನೋಡಿದವರು ತಲೆದೂಗುತ್ತಿದ್ದರು. 2018ರಲ್ಲಿ ಜೂಲಿಯಸ್ ಅಡೆಬಾಯೊ ಮತ್ತಿತರರು ಇನ್ನೂ ಕಿರಿಕಿರಿಯ ಪರೀಕ್ಷೆ ಮಾಡಿದರು. ಕಲಿತ ಯಂತ್ರದೊಳಗಿನ ಸಂಖ್ಯೆಗಳನ್ನು ಕಲಸಿ ಚಿಂದಿ ಮಾಡಿದ ಮೇಲೂ ಕೆಲವು ಜನಪ್ರಿಯ ವಿಧಾನಗಳು ಹೆಚ್ಚುಕಡಿಮೆ ಅದೇ ಚೆಂದದ ನಕ್ಷೆ ಕೊಡುತ್ತಿದ್ದವು. ಗ್ರ್ಯಾಡ್-ಕ್ಯಾಮ್ ಈ ಪರೀಕ್ಷೆಯಲ್ಲಿ ಪಾಸಾಯಿತು, ಕೆಲವು ಫೇಲಾದವು.

ಯಂತ್ರಕ್ಕೆ ಬಾಯಿ ಕೊಡುವ ಯತ್ನವೂ ಇದೇ ಹೊತ್ತಿಗೆ ಶುರುವಾಗಿತ್ತು. 2016ರಲ್ಲಿ ಬರ್ಕ್ಲಿಯ ಲಿಸಾ ಆನ್ ಹೆಂಡ್ರಿಕ್ಸ್, ಆಗ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದಿಗೆ ಇದ್ದ ಝೈನೆಪ್ ಅಕಾಟಾ ಮತ್ತು ಇತರರು 200 ಜಾತಿಯ ಹಕ್ಕಿಗಳ ಸುಮಾರು 11,800 ಚಿತ್ರಗಳ ಸಂಗ್ರಹ ಹಿಡಿದು ಕೂತರು. ವಿಂಗಡಕ ಹಕ್ಕಿಯ ಜಾತಿ ಹೇಳುತ್ತದೆ. ಅದರ ಪಕ್ಕದಲ್ಲಿ ಕೂತ ಸಣ್ಣ ಭಾಷಾ ಮಾದರಿ 'ಕೊಕ್ಕು ಹೀಗಿದೆ, ಕತ್ತು ಹೀಗಿದೆ, ಆದ್ದರಿಂದ ಇದು ಇಂಥ ಹಕ್ಕಿ' ಎಂದು ವಾಕ್ಯ ಬರೆಯುತ್ತದೆ. ವಾಕ್ಯಕ್ಕೆ ಅವರು ಎರಡು ಷರತ್ತು ಹಾಕಿದ್ದರು. ಹೇಳಿದ್ದು ಈ ಚಿತ್ರದಲ್ಲಿ ಕಾಣಬೇಕು; ಜೊತೆಗೆ ಈ ಜಾತಿಯನ್ನು ಉಳಿದವುಗಳಿಂದ ಬೇರ್ಪಡಿಸುವಂಥದಾಗಿರಬೇಕು. 'ಹಕ್ಕಿ ಕೊಂಬೆಯ ಮೇಲೆ ಕೂತಿದೆ' ಎಂಬುದು ಮೊದಲನೆಯದನ್ನು ಮಾತ್ರ ಪಾಲಿಸುತ್ತದೆ, ಹಕ್ಕಿಗಳ ಕೈಪಿಡಿಯ ವಾಕ್ಯ ಎರಡನೆಯದನ್ನು ಮಾತ್ರ.

ಈ ಪ್ರಬಂಧದ ಹೆಚ್ಚುಗಾರಿಕೆ ಅದರ ಪ್ರಾಮಾಣಿಕತೆ. ವಿವರಣೆಯಲ್ಲಿ ಎರಡು ಬಗೆ ಎಂದು ಅವರೇ ಬರೆದರು. ಯಂತ್ರದ ಒಳಗೆ ನಿಜಕ್ಕೂ ಏನು ನಡೆಯಿತೆಂದು ಹೇಳುವುದು ಒಂದು. ಕೊಟ್ಟ ತೀರ್ಮಾನಕ್ಕೆ ಒಪ್ಪುವಂಥ ಆಧಾರ ಒದಗಿಸುವುದು ಇನ್ನೊಂದು. ತಮ್ಮದು ಎರಡನೆಯದು ಎಂದು ಒಪ್ಪಿಕೊಂಡರು. ಕನ್ನಡದ ಕಚೇರಿ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಪದವಿದೆ: ಸಮಜಾಯಿಷಿ. ತಡವಾಗಿ ಬಂದ ಗುಮಾಸ್ತನಿಂದ ಸಾಹೇಬರು ಕೇಳುವುದು ಸಮಜಾಯಿಷಿಯನ್ನು, ಕಾರಣವನ್ನಲ್ಲ. ಬಸ್ಸು ಕೆಟ್ಟಿತ್ತು ಎಂದು ಬರೆದುಕೊಟ್ಟರೆ ಫೈಲಿಗೆ ಸಾಕು. ಹಕ್ಕಿ ಯಂತ್ರದಲ್ಲೂ ಅದೇ ಆಯಿತು. ಆ ಜಾತಿಗೆ ಸಾಮಾನ್ಯವಾಗಿ ಇರುವ, ಈ ಫೋಟೋದಲ್ಲಿ ಮಾತ್ರ ಕಾಣದ ಗುಣಗಳನ್ನೂ ವಾಕ್ಯ ಹೇಳಿಬಿಡುತ್ತಿತ್ತು. 2018ರಲ್ಲಿ ಅದೇ ತಂಡ ಪ್ರತಿ ನುಡಿಗಟ್ಟೂ ಚಿತ್ರದಲ್ಲಿ ಎಲ್ಲಿದೆ ಎಂದು ತಪಾಸಣೆ ಮಾಡುವ ಭಾಗವೊಂದನ್ನು ಸೇರಿಸಬೇಕಾಯಿತು.

ಮನುಷ್ಯನ ಮಿದುಳೂ ಈ ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ಮೈಕೆಲ್ ಗಜಾನಿಗ ಮತ್ತು ಜೋಸೆಫ್ ಲೆಡೂ, ಮಿದುಳಿನ ಎಡ-ಬಲ ಭಾಗಗಳ ಕೊಂಡಿಯನ್ನು ಅಪಸ್ಮಾರದ ಚಿಕಿತ್ಸೆಗಾಗಿ ಕತ್ತರಿಸಿದ್ದ ರೋಗಿಯೊಬ್ಬನಿಗೆ ಎರಡು ಚಿತ್ರ ತೋರಿಸಿದರು. ಮಾತನಾಡುವ ಎಡಭಾಗಕ್ಕೆ ಕಂಡದ್ದು ಕೋಳಿಯ ಕಾಲು. ಮಾತಿಲ್ಲದ ಬಲಭಾಗಕ್ಕೆ ಕಂಡದ್ದು ಹಿಮ ಬಿದ್ದ ನೋಟ. ಹೊಂದುವ ಚಿತ್ರ ಆರಿಸು ಎಂದಾಗ ಒಂದು ಕೈ ಕೋಳಿಯನ್ನು, ಇನ್ನೊಂದು ಕೈ ಸಲಿಕೆಯನ್ನು ಆರಿಸಿತು. ಸಲಿಕೆ ಹಿಮ ಬಾಚಲಿಕ್ಕೆ. ಆದರೆ ಬಾಯಿಯಿರುವ ಭಾಗ ಹಿಮವನ್ನು ನೋಡಿಯೇ ಇರಲಿಲ್ಲ. ಸಲಿಕೆ ಯಾಕೆ ಎಂದು ಕೇಳಿದಾಗ ಆತ ಒಂದಿಷ್ಟೂ ತಡವರಿಸದೆ, ಕೋಳಿಗೂಡು ಚೊಕ್ಕಟ ಮಾಡಲು ಎಂಬರ್ಥದ ಉತ್ತರ ಕೊಟ್ಟ. ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ. ನೋಡಿದವನು ಒಬ್ಬ, ಮಾತಾಡುವವನು ಇನ್ನೊಬ್ಬ ಆದಾಗ ಹೀಗಾಗುತ್ತದೆ. ಹಕ್ಕಿ ಯಂತ್ರದಲ್ಲಿ ವಿಂಗಡಕ ಮತ್ತು ಭಾಷಾ ಮಾದರಿಯ ಸಂಬಂಧವೂ ಅದಕ್ಕಿಂತ ಬಹಳ ದೂರದ್ದಲ್ಲ.

2021ರ ಆರಂಭದಲ್ಲಿ ನೋಡುವವನನ್ನೂ ಮಾತಾಡುವವನನ್ನೂ ಹತ್ತಿರ ತಂದ ಕ್ಲಿಪ್ ಬಂತು. ಓಪನ್‌ಎಐ ಅದಕ್ಕೆ ಇಂಟರ್ನೆಟ್ಟಿನ 40 ಕೋಟಿ ಚಿತ್ರ-ಬರಹದ ಜೋಡಿಗಳನ್ನು ಉಣಿಸಿತ್ತು. ಚಿತ್ರವೊಂದು, ವಾಕ್ಯವೊಂದು ಕೊಟ್ಟರೆ ಅವೆರಡೂ ಎಷ್ಟು ಹೊಂದುತ್ತವೆಂದು ಅದು ಅಂಕ ಕೊಡುತ್ತದೆ. ಸಾವಿರ ಹೆಸರುಗಳ ನಿಗದಿತ ಪಟ್ಟಿ ಇನ್ನು ಬೇಕಿಲ್ಲ. ಹೊಸ ದೌರ್ಬಲ್ಯವೂ ಜೊತೆಗೇ ಬಂತು. ಹಸಿರು ಸೇಬಿನ ಮೇಲೆ 'ಐಪಾಡ್' ಎಂದು ಕೈಯಲ್ಲಿ ಬರೆದ ಚೀಟಿ ಅಂಟಿಸಿದರೆ ಕ್ಲಿಪ್ ಅದನ್ನು ಐಪಾಡ್ ಎಂದೇ ನಂಬುತ್ತಿತ್ತು. ಬರ್ಲಿನ್ನಿನ ಕುದುರೆ ಮುದ್ರೆಯ ನೆನಪಾಗದೆ ಇರದು, ಇಲ್ಲಿ ಯಂತ್ರಕ್ಕೆ ಓದಲೂ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಕೊಲಂಬಿಯಾ ವಿಶ್ವವಿದ್ಯಾಲಯದ ಸಚಿತ್ ಮೆನನ್ ಮತ್ತು ಕಾರ್ಲ್ ವಾಂಡ್ರಿಕ್ 2022ರಲ್ಲಿ ಕ್ಲಿಪ್‌ಗೆ ದೊಡ್ಡ ಭಾಷಾ ಮಾದರಿಯನ್ನು ಜೋಡಿಸಿದರು. ಹುಲಿಯನ್ನು ಫೋಟೋದಲ್ಲಿ ಗುರುತಿಸಲು ಏನು ನೋಡಬೇಕು ಎಂದು ಜಿಪಿಟಿ-3ಕ್ಕೆ ಕೇಳುವುದು. ಅದು ಪಟ್ಟೆ, ಉಗುರು ಎಂದು ಪಟ್ಟಿ ಕೊಡುತ್ತದೆ. ಆಮೇಲೆ ಚಿತ್ರ ಈ ಒಂದೊಂದು ಲಕ್ಷಣಕ್ಕೂ ಎಷ್ಟು ಹೊಂದುತ್ತದೆಂದು ಕ್ಲಿಪ್‌ನಿಂದ ಅಂಕ ಹಾಕಿಸಿ ಸರಾಸರಿ ತೆಗೆಯುವುದು. ಇದರ ಸೊಗಸು ಏನೆಂದರೆ ವಿವರಣೆ ತೀರ್ಮಾನದ ನಂತರ ಬರೆದ ಅರ್ಜಿಯಲ್ಲ, ತೀರ್ಮಾನವೇ ಅದರಿಂದ ಆಗುತ್ತದೆ. ಪಟ್ಟೆಗೆ ಇಷ್ಟು, ಉಗುರಿಗೆ ಇಷ್ಟು ಎಂದು ಅಂಕಪಟ್ಟಿಯನ್ನೇ ಓದಬಹುದು. ನಿಖರತೆಯೂ ಹೆಚ್ಚಿತು. ಸಮಜಾಯಿಷಿಯಿಂದ ಕಾರಣಕ್ಕೆ ಬಂದು ಮುಟ್ಟಿದಂತೆ ಕಂಡಿತು.

ಮರುವರ್ಷವೇ ಟ್ಯೂಬಿಂಗನ್ನಿನಿಂದ ತಣ್ಣೀರು ಬಂತು. ಕಾರ್ಸ್ಟನ್ ರೋಥ್ ಮತ್ತು ಸಂಗಡಿಗರು ಜಿಪಿಟಿ-3 ಕೊಟ್ಟ ಲಕ್ಷಣಗಳನ್ನು ತೆಗೆದುಹಾಕಿ, ಅವುಗಳ ಜಾಗದಲ್ಲಿ ಸಂಬಂಧವೇ ಇಲ್ಲದ ಪದಗಳನ್ನೂ ಅರ್ಥವೇ ಇಲ್ಲದ ಅಕ್ಷರಗಳ ಸಾಲುಗಳನ್ನೂ ತುಂಬಿದರು. ನಿಖರತೆ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು. ಅಂದರೆ ಲಾಭದ ದೊಡ್ಡ ಪಾಲು ಪಟ್ಟೆ, ಉಗುರುಗಳ ಅರ್ಥದಿಂದ ಬಂದದ್ದಲ್ಲ. ಒಂದೇ ಹೆಸರನ್ನು ಹಲವು ಬಗೆಯಲ್ಲಿ ಕೇಳಿ ಸರಾಸರಿ ತೆಗೆದದ್ದರಿಂದ ಬಂದದ್ದು. ಭಾಷಾ ಮಾದರಿ ಪೂರ್ತಿ ನಿರುಪಯೋಗಿ ಎಂದು ಅವರೂ ಹೇಳಲಿಲ್ಲ, ಎರಡರ್ಥದ ಹೆಸರುಗಳನ್ನು ಬಿಡಿಸಲು ಅದು ನೆರವಾಗುತ್ತದೆ ಎಂದರು. ಆದರೂ 'ಪಟ್ಟೆ ಇರುವುದರಿಂದ ಹುಲಿ' ಎಂಬ ವಾಕ್ಯ ಓದಿ ಸಮಾಧಾನಪಟ್ಟಿದ್ದವರು ಮತ್ತೆ ಯೋಚಿಸಬೇಕಾಯಿತು. ಆ ಪ್ರಬಂಧದ ಕೊನೆಯ ಲೇಖಕಿ ಝೈನೆಪ್ ಅಕಾಟಾ, 2016ರ ಹಕ್ಕಿ ಪ್ರಬಂಧದಲ್ಲಿ ಇದ್ದವರೇ. ತಾವು ತೆರೆಯಲು ನೆರವಾದ ದಾರಿಯಲ್ಲಿ ತಾವೇ ತಡೆಗೋಲು ಹಿಡಿದು ನಿಲ್ಲುವವರು ಯಾವ ಕ್ಷೇತ್ರದಲ್ಲೂ ಹೆಚ್ಚು ಸಿಗುವುದಿಲ್ಲ.

ಇನ್ನೊಂದು ದಾರಿಯವರು ತೀರ್ಮಾನವನ್ನು ಬಿಟ್ಟು ಯಂತ್ರದ ಬಿಡಿಭಾಗಗಳಿಗೆ ಕೈ ಹಾಕಿದರು. ನೆಟ್‌ವರ್ಕಿನ ಒಂದೊಂದು ಕೃತಕ ನರಕೋಶ ಯಾವುದಕ್ಕೆ ಚುರುಕಾಗುತ್ತದೆ? 2017ರಲ್ಲಿ ಎಂಐಟಿಯ ಡೇವಿಡ್ ಬಾವ್ ಮತ್ತಿತರರು ಮೊದಲೇ ಹೆಸರಿಟ್ಟ ಸಾವಿರಕ್ಕೂ ಹೆಚ್ಚು ಪರಿಕಲ್ಪನೆಗಳೊಂದಿಗೆ ಅವನ್ನು ತಾಳೆ ಹಾಕಿದರು. ಪಟ್ಟಿಯಲ್ಲಿ ಇಲ್ಲದ್ದು ಸಿಗುವಂತಿರಲಿಲ್ಲ. 2022ರಲ್ಲಿ ಅದೇ ಎಂಐಟಿಯಿಂದ ಬಂದ ಮಿಲಾನ್ ಪಟ್ಟಿಯನ್ನು ಬಿಟ್ಟು, ನರಕೋಶವನ್ನು ಚುರುಕುಗೊಳಿಸುವ ಚಿತ್ರಭಾಗಗಳನ್ನು ನೋಡಿ ಮಾತಿನಲ್ಲೇ ಬಣ್ಣಿಸಿತು. ಮುಖಗಳನ್ನು ಮಸುಕು ಮಾಡಿದ ಚಿತ್ರಗಳಿಂದಲೇ ಕಲಿತ ಯಂತ್ರಗಳಲ್ಲೂ ಮನುಷ್ಯರ ಮುಖಕ್ಕೆ ಮಿಡಿಯುವ ಭಾಗಗಳಿರುವುದು ಹಾಗೆ ಪತ್ತೆಯಾಯಿತು. ಅಡ್ಡದಾರಿ ಕಲಿಯುವಂತೆ ಚಿತ್ರಗಳ ಮೇಲೆ ಅಕ್ಷರ ಬರೆದು ತರಬೇತಿ ಕೊಟ್ಟ ಯಂತ್ರದಲ್ಲಿ, ಅಕ್ಷರಕ್ಕೆ ಮಿಡಿಯುತ್ತದೆಂದು ಬಣ್ಣಿಸಲಾದ ನರಕೋಶಗಳನ್ನು ಆರಿಸಿಬಿಟ್ಟಾಗ ನಿಖರತೆ ಸುಧಾರಿಸಿತು. ವಾಕ್ಯ ಬರೆದು ಸುಮ್ಮನಾಗದೆ, ವಾಕ್ಯ ಹೇಳಿದ ಭಾಗವನ್ನು ಕಿತ್ತು ಏನಾಗುತ್ತದೆಂದು ನೋಡಿದ್ದು ಇಲ್ಲಿ ದೊಡ್ಡ ಹೆಜ್ಜೆ.

2024ರ ಮಾಯಾ ಇದನ್ನೇ ಮುಂದುವರಿಸಿತು. ಹೆಸರು ಕೇಳಿ ಶಂಕರರನ್ನು ನೆನೆಯಬೇಕಿಲ್ಲ. ಅದೊಂದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಗುಚ್ಛ. ತಮರ್ ರಾಟ್ ಶಹಮ್, ಸಾರಾ ಶ್ವೆಟ್‌ಮನ್ ಮೊದಲಾದ ಎಂಐಟಿ ಸಂಶೋಧಕರು ಚಿತ್ರವನ್ನೂ ಓದಬಲ್ಲ ಜಿಪಿಟಿ-4ಕ್ಕೆ ಒಂದು ಪ್ರಯೋಗಶಾಲೆಯನ್ನೇ ಒಪ್ಪಿಸಿದರು. ಅದು ಮೊದಲು ಊಹೆ ಮಾಡುತ್ತದೆ. ಆ ಊಹೆಯನ್ನು ಪರೀಕ್ಷಿಸಲು ಹೊಸ ಚಿತ್ರಗಳನ್ನು ತಯಾರಿಸಿಕೊಳ್ಳುತ್ತದೆ, ಒಂದೇ ಅಂಶವನ್ನು ಬದಲಿಸಿ ಮತ್ತೆ ತೋರಿಸುತ್ತದೆ, ಊಹೆಯನ್ನು ತಿದ್ದಿಕೊಳ್ಳುತ್ತದೆ. ಲ್ಯಾಬ್ರಡಾರ್ ನಾಯಿ ಗುರುತಿಸುವ ಒಂದು ವಿಂಗಡಕವನ್ನು ಅದು ಹೀಗೆ ಜಾಲಾಡಿ, ಕಪ್ಪು ಲ್ಯಾಬ್ರಡಾರ್‌ಗಳನ್ನು ಆ ಯಂತ್ರ ತಪ್ಪಾಗಿ ಗುರುತಿಸುವ ಸಾಧ್ಯತೆ ಹೆಚ್ಚು, ಅದರ ಒಲವು ಹಳದಿ ನಾಯಿಗಳತ್ತ ಎಂದು ವರದಿ ಕೊಟ್ಟಿತು. ಇಲ್ಲಿ ಭಾಷಾ ಮಾದರಿ ವಿಂಗಡಕದ ಪರವಾಗಿ ಮಾತನಾಡುವ ವಕೀಲನಲ್ಲ. ಅದರೆದುರು ನಿಂತ ಫುಂಗ್ಸ್ಟ್. ಎಕ್ಸ್-ರೇ ಯಂತ್ರದ ಪಕ್ಕದಲ್ಲಿ ಕೂರಿಸಬೇಕಾದದ್ದು ಇಂಥದನ್ನು. 'ಬಲ ಶ್ವಾಸಕೋಶದ ಕೆಳಭಾಗದಲ್ಲಿ ಮಬ್ಬು ಕಾಣುತ್ತಿದೆ' ಎಂದು ವೈದ್ಯರ ಶೈಲಿಯಲ್ಲಿ ಬರೆಯುವ ಮಾದರಿ, ಬಿಲ್ಲೆ ನೋಡಿ ತೀರ್ಮಾನಿಸಿದ ಯಂತ್ರಕ್ಕೂ ಅಷ್ಟೇ ಚೆಂದದ ವಾಕ್ಯ ಬರೆದುಕೊಟ್ಟೀತು. ಬಣ್ಣದ ನಕ್ಷೆಯಾದರೆ ಮೂಲೆಯ ಬಿಲ್ಲೆಯ ಮೇಲೆ ಕೆಂಪಾಗಿ ಅನುಮಾನವನ್ನಾದರೂ ಹುಟ್ಟಿಸುತ್ತಿತ್ತು.

ಮಾಯಾಕ್ಕೂ ಒಂದು ಚಟವಿದೆ, ಅದನ್ನು ಕಟ್ಟಿದವರೇ ಹೇಳಿದ್ದಾರೆ. ಕೆಲವೊಮ್ಮೆ ಮೊದಲ ಊಹೆಗೆ ಜೋತುಬಿದ್ದು, ಅದನ್ನೇ ಸಮರ್ಥಿಸುವ ಸಾಕ್ಷಿ ಕಂಡಂತೆ ಕಂಡು, ಬೇಗನೆ ತೀರ್ಪು ಕೊಟ್ಟುಬಿಡುತ್ತದೆ. ಮೇಲ್ವಿಚಾರಣೆಗೆ ಮನುಷ್ಯ ಬೇಕು.

ಮನುಷ್ಯರ ಗತಿಯೂ ಫುಂಗ್ಸ್ಟ್‌ಗೆ ಗೊತ್ತಿತ್ತು. ಗುಟ್ಟು ತಿಳಿದ ಮೇಲೂ ತನ್ನ ತಲೆ ಅಲ್ಲಾಡದಂತೆ ತಡೆಯುವುದು ಅವನಿಗೆ ಕಷ್ಟವಾಯಿತು. ಆಮೇಲೆ ಪ್ರಯೋಗಶಾಲೆಯಲ್ಲಿ ತಾನೇ ಕುದುರೆಯಾಗಿ ಕೂತ. ಎದುರಿಗೆ ಬಂದವರು ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಯಬೇಕು. ಈತ ಕೈಯಿಂದ ಮೇಜು ಕುಟ್ಟುತ್ತ ಹೋಗಿ ಅವರ ತಲೆ ಎತ್ತಿದ ಕ್ಷಣ ನಿಲ್ಲಿಸುತ್ತಿದ್ದ. ಬಹುತೇಕ ಎಲ್ಲರ ಸಂಖ್ಯೆಯನ್ನೂ ಹೀಗೆ ಹೇಳಿದ. ತಲೆ ಎತ್ತಿದ್ದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಿರಲಿಲ್ಲ.